ದೀರ್ಘಶಾಂತಿ

ಕನ್ನಡ ಬೈಬಲನ್ನು ಓದಿದವರಿಗೆ ‘ದೀರ್ಘಶಾಂತಿ’ ಎಂಬ ಮಾತು ಪರಿಚಿತವಾಗಿಯೇ ಇರುತ್ತದೆ. ಪೌಲನು ಗಲಾತ್ಯದವರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿ ಆತ್ಮನ ಫಲಗಳನ್ನು ಎಣಿಸುತ್ತ ಹೋಗುವಾಗ ನಾಲ್ಕನೆಯದಾಗಿ ಇದು ಬರುತ್ತದೆ. ಚರ್ಚಿನ ಹೊರಗೆ ಈ ಮಾತನ್ನು ಬಳಸುವವರು ಕಡಿಮೆ. ಮನೆಯಲ್ಲಾಗಲಿ ಸಂತೆಯಲ್ಲಾಗಲಿ ನಾವು ತಾಳ್ಮೆ ಎನ್ನುತ್ತೇವೆ, ಸೈರಣೆ ಎನ್ನುತ್ತೇವೆ, ದೀರ್ಘಶಾಂತಿ ಎನ್ನುವುದಿಲ್ಲ. ಮೂಲದ ಗ್ರೀಕ್ ಮಾತು ‘ಮಕ್ರೊಥುಮಿಯ’. ‘ಮಕ್ರೋಸ್’ ಎಂದರೆ ಉದ್ದನೆಯದು. ‘ಥುಮೋಸ್’ ಎಂದರೆ ಒಳಗಿನ ಕುದಿ, ಆವೇಗ, ಸಿಟ್ಟು. ಸಿಟ್ಟಿನ ಊರು ತಲುಪಬೇಕಾದರೆ ಬಹಳ ದೂರ ನಡೆಯಬೇಕಾದ ಮನಸ್ಸು ಎಂದು ಅದನ್ನು ಬಿಡಿಸಿ ಹೇಳಬಹುದು. ಹೊಸ ಒಡಂಬಡಿಕೆಯಲ್ಲಿ ಇದಕ್ಕೆ ಜೊತೆಯಾಗಿ ಇನ್ನೊಂದು ಮಾತಿದೆ: ‘ಹುಪೊಮೊನೆ’. ‘ಹುಪೊ’ ಎಂದರೆ ಕೆಳಗೆ. ‘ಮೊನೆ’ ಎಂದರೆ ನಿಲ್ಲುವುದು, ಉಳಿಯುವುದು. ಭಾರದ ಕೆಳಗೆ ಕದಲದೆ ನಿಂತಿರುವುದು ಎಂದರ್ಥ. ಮೊದಲನೆಯದು ಮನುಷ್ಯರನ್ನು ಸಹಿಸುವ ಗುಣ, ಎರಡನೆಯದು ಕಾಲವನ್ನೂ ಕಷ್ಟವನ್ನೂ ಸಹಿಸುವ ಗುಣ ಎಂದು ಸ್ಥೂಲವಾಗಿ ವಿಂಗಡಿಸುವ ವಾಡಿಕೆಯುಂಟು.

ಕನ್ನಡ ಪಾಠ ಹೇಳುವವನಾದ ನನಗೆ ಇವೆರಡಕ್ಕಿಂತ ನಮ್ಮ ‘ತಾಳ್ಮೆ’ಯೇ ಹೆಚ್ಚು ಅರ್ಥವತ್ತಾಗಿ ಕಾಣುತ್ತದೆ. ‘ತಾಳಪ್ಪ, ಬಂದೆ’ ಎನ್ನುವಾಗ ತಾಳುವುದೆಂದರೆ ಕಾಯುವುದು. ‘ಈ ನೋವು ತಾಳಲಾರೆ’ ಎನ್ನುವಾಗ ತಾಳುವುದೆಂದರೆ ಸಹಿಸುವುದು. ‘ಈ ಹಗ್ಗ ತಾಳೀತೇ?’ ಎಂದು ಬಾವಿಕಟ್ಟೆಯ ಮೇಲೆ ನಿಂತು ಕೇಳುವಾಗ ತಾಳುವುದೆಂದರೆ ಹರಿಯದೆ ಭಾರ ಹೊರುವುದು. ಇಷ್ಟೇ ಆಗಿದ್ದರೆ ಅದು ಬರಿಯ ಸಹನೆಯ ಮಾತಾಗುತ್ತಿತ್ತು. ಆದರೆ ನಾವು ‘ರೂಪ ತಾಳಿತು’ ಎನ್ನುತ್ತೇವೆ, ‘ಗರ್ಭ ತಾಳಿದಳು’ ಎನ್ನುತ್ತೇವೆ, ‘ಮೌನ ತಾಳಿದನು’ ಎನ್ನುತ್ತೇವೆ. ಹಳಗನ್ನಡದಿಂದಲೂ ತಾಳ್ ಎಂಬ ಧಾತುವಿಗೆ ಹೊರು, ಧರಿಸು, ಹೊಂದು ಎಂಬ ಅರ್ಥಗಳುಂಟು. ಎಂದ ಮೇಲೆ ತಾಳುವವನು ಸುಮ್ಮನೆ ಪೆಟ್ಟು ತಿನ್ನುತ್ತ ಕುಳಿತವನಲ್ಲ. ಏನನ್ನೋ ಒಳಗೆ ಹೊತ್ತುಕೊಂಡವನು. ಹೀಬ್ರೂ ಭಾಷೆಯಲ್ಲಿಯೂ ಇಂಥದೊಂದು ಸೋಜಿಗವಿದೆ. ‘ತಿಕ್ವಾ’ ಎಂಬ ಒಂದೇ ರೂಪಕ್ಕೆ ನಿರೀಕ್ಷೆ ಎಂಬ ಅರ್ಥವೂ ಹುರಿ ಎಂಬ ಅರ್ಥವೂ ಇದೆ. ಯೆಹೋಶುವನ ಗ್ರಂಥದಲ್ಲಿ ರಾಹಾಬಳು ತನ್ನ ಕಿಟಕಿಗೆ ಕಟ್ಟಿದ ಕೆಂಪು ಹುರಿಯನ್ನು ಹೇಳುವಲ್ಲಿ ಬಂದಿರುವುದು ಈ ಮಾತೇ. ಕಾಯುವವನ ಮನಸ್ಸೂ ಒಂದು ಹಗ್ಗವೇ. ಅದು ತಾಳೀತೇ ಎಂಬುದೇ ಪ್ರಶ್ನೆ.

‘ತಾಳಿದವನು ಬಾಳಿಯಾನು’ ಎಂದು ನಮ್ಮ ಹಿರಿಯರು ಗಾದೆ ಮಾಡಿದ್ದಾರೆ. ಲೋಕವ್ಯವಹಾರದಲ್ಲಿ ಇದು ಬಹುಮಟ್ಟಿಗೆ ನಿಜ. ಕೊಯ್ಲಿಗೆ ಮುಂಚೆ ತೆನೆ ಕಿತ್ತವನಿಗೆ ಜೊಳ್ಳೇ ಗತಿ. ಆದರೆ ಕ್ರೈಸ್ತನಾದವನು ಈ ಗಾದೆಯನ್ನು ಹೇಳುತ್ತ ಶಿಲುಬೆಯ ಕಡೆ ತಿರುಗಿದರೆ ಮಾತು ಗಂಟಲಲ್ಲಿ ನಿಲ್ಲುತ್ತದೆ. ಅಲ್ಲಿ ತಾಳಿದವನು ಬಾಳಲಿಲ್ಲ. ಶುಕ್ರವಾರ ಮಧ್ಯಾಹ್ನ ಸತ್ತನು. ಭಾನುವಾರದ ಮಾತನ್ನು ನಾವು ಬಲ್ಲೆವು, ನಿಜ. ಆದರೆ ಶುಕ್ರವಾರದಂದು ಅಲ್ಲಿ ನಿಂತಿದ್ದವರು ಅದನ್ನು ಬಲ್ಲವರಾಗಿರಲಿಲ್ಲ. ಹಾಗಾದರೆ ಫಲದ ಭರವಸೆಯಿಲ್ಲದ ತಾಳ್ಮೆಗೆ ಏನು ಅರ್ಥ? ಸುಮ್ಮನೆ ಕುಳಿತು ಕಾಯುವುದರಿಂದ ಮನುಷ್ಯನ ವಿಶ್ವಾಸ ಆಳವಾಗುತ್ತದೆಯೇ, ಅಥವಾ ನಿದ್ದೆ ಹೋಗುತ್ತದೆಯೇ? ಇದಕ್ಕಿಂತ ಕಠಿಣವಾದ ಇನ್ನೊಂದು ಪ್ರಶ್ನೆಯೂ ಇದೆ: ಕಷ್ಟದಲ್ಲಿರುವ ಇನ್ನೊಬ್ಬನಿಗೆ ‘ತಾಳ್ಮೆ ಇರಲಿ’ ಎಂದು ಹೇಳುವ ಹಕ್ಕು ನಮಗೆ ಎಲ್ಲಿಂದ ಬಂತು?

ತಾಳ್ಮೆಯ ಮಾತೆತ್ತಿದೊಡನೆ ಯಾರಾದರೂ ಯೋಬನ ಹೆಸರು ಹೇಳುತ್ತಾರೆ. ಯಾಕೋಬನ ಪತ್ರಿಕೆಯೂ ಅವನನ್ನೇ ನಿದರ್ಶನವಾಗಿ ಕೊಡುತ್ತದೆ. ಆದರೆ ಯೋಬನ ಗ್ರಂಥವನ್ನು ತೆರೆದು ಓದಿದರೆ ನಾವು ನಿರೀಕ್ಷಿಸಿದ ಸಾಧುಪುರುಷ ಅಲ್ಲಿ ಸಿಕ್ಕುವುದಿಲ್ಲ. ಮೊದಲ ಎರಡು ಅಧ್ಯಾಯಗಳಲ್ಲಿ ಅವನು ವಿನಯದಿಂದ ಎಲ್ಲವನ್ನೂ ಒಪ್ಪಿಕೊಳ್ಳುತ್ತಾನೆ; ಮೂರನೆಯ ಅಧ್ಯಾಯದಲ್ಲಿ ಬಾಯಿ ತೆರೆದು ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ. ಅಲ್ಲಿಂದ ಮುಂದೆ ಅಧ್ಯಾಯದ ಮೇಲೆ ಅಧ್ಯಾಯ ಅವನದು ವಾದ, ದೂರು, ಜಗಳ; ದೇವರನ್ನು ನ್ಯಾಯಸ್ಥಾನಕ್ಕೆ ಕರೆಯುವಷ್ಟು ದಿಟ್ಟತನ. ಕೊನೆಗೆ ದೇವರು, ತನ್ನ ಪರವಾಗಿ ನಯವಾದ ಧರ್ಮೋಪದೇಶ ಮಾಡಿದ ಸ್ನೇಹಿತರ ಮೇಲೆ ಕೋಪಗೊಂಡು, ತನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಯೋಬನೇ ಎಂದು ತೀರ್ಪು ಕೊಡುತ್ತಾನೆ. ಎಂದರೆ ದೂರುವುದು ತಾಳ್ಮೆಗೆ ವಿರುದ್ಧವಲ್ಲ. ಯೋಬನು ಎಷ್ಟು ಕೂಗಿದರೂ ಎದ್ದು ಹೋಗಲಿಲ್ಲ; ಬೂದಿಯ ಮೇಲೆ ಕುಳಿತ ಜಾಗದಿಂದಲೇ ಕೂಗಿದನು, ದೇವರ ಕಡೆಗೇ ಮುಖ ಮಾಡಿ ಕೂಗಿದನು. ಭಾರದ ಕೆಳಗೆ ನಿಲ್ಲುವುದೆಂದರೆ ಇದೇ. ಬಾಯಿ ಮುಚ್ಚಿಕೊಂಡು ಒಳಗೊಳಗೆ ಮುಖ ತಿರುಗಿಸಿಕೊಂಡವನಿಗಿಂತ, ಎದುರು ನಿಂತು ಜಗಳವಾಡುವವನು ಹತ್ತಿರದವನು. ಸಂಸಾರದಲ್ಲಿಯೂ ಇದನ್ನು ನಾವು ಕಂಡಿದ್ದೇವೆ.

ನಿಶ್ಚಲತೆಯ ವಿಷಯದಲ್ಲಿಯೂ ನಮ್ಮ ಸಾಮಾನ್ಯ ಕಲ್ಪನೆ ಹೀಗೆಯೇ ತಪ್ಪಿದೆ. ಸುಮ್ಮನಿದ್ದು ದೇವರನ್ನು ಅರಿಯಬೇಕೆಂಬ ಆಜ್ಞೆ 46ನೆಯ ಕೀರ್ತನೆಯಲ್ಲಿ ಬರುತ್ತದೆ. ಅದನ್ನು ಅಂದವಾದ ಅಕ್ಷರಗಳಲ್ಲಿ ಬರೆದು, ಹಿನ್ನೆಲೆಯಲ್ಲಿ ಸರೋವರದ ಚಿತ್ರ ಹಾಕಿ, ಗೋಡೆಗೆ ತೂಗುಹಾಕುವುದುಂಟು. ಆದರೆ ಆ ಕೀರ್ತನೆಯಲ್ಲಿ ಸರೋವರದ ಶಾಂತಿಯಿಲ್ಲ. ಭೂಮಿ ನಡುಗುತ್ತದೆ, ಬೆಟ್ಟಗಳು ಸಮುದ್ರಕ್ಕೆ ಉರುಳುತ್ತವೆ, ರಾಜ್ಯಗಳು ತತ್ತರಿಸುತ್ತವೆ, ಬಿಲ್ಲುಗಳೂ ಭಲ್ಲೆಗಳೂ ಮುರಿದು ಬೀಳುತ್ತವೆ. ಆ ಗದ್ದಲದ ನಡುವೆ ಈ ಆಜ್ಞೆ ಕೇಳುತ್ತದೆ. ಅಲ್ಲಿನ ಹೀಬ್ರೂ ಕ್ರಿಯಾಪದಕ್ಕೆ ಸಡಿಲಿಸು, ಕೈಬಿಡು ಎಂಬ ಅರ್ಥವಿದೆ. ಬಿಗಿಹಿಡಿದ ಮುಷ್ಟಿಯನ್ನು ಬಿಡಿಸುವುದು ಎಂದು ಇಟ್ಟುಕೊಳ್ಳೋಣ. ಯುದ್ಧ ನಿಂತ ಮೇಲೆ ಸುಮ್ಮನಾಗುವುದು ದೊಡ್ಡ ಮಾತಲ್ಲ. ನೆಲ ನಡುಗುತ್ತಿರುವಾಗ ಮುಷ್ಟಿ ಸಡಿಲಿಸುವುದು ದೊಡ್ಡ ಮಾತು.

ಪ್ರವಾದಿ ಎಲೀಯನ ಕಥೆ ಇದನ್ನೇ ಇನ್ನಷ್ಟು ಸ್ಪಷ್ಟಪಡಿಸುತ್ತದೆ. ರಾಣಿ ಈಜೆಬೆಲಳಿಗೆ ಹೆದರಿ ಓಡಿದ ಅವನು ಮರಳುಗಾಡಿನ ಒಂದು ಗಿಡದ ಕೆಳಗೆ ಕುಳಿತು ಸಾವನ್ನು ಬೇಡಿದನು. ದೇವದೂತನು ಅವನಿಗೆ ಮಾಡಿದ ಉಪದೇಶವೇನು? ಮೊದಲು ರೊಟ್ಟಿ, ನೀರು, ನಿದ್ರೆ. ಮತ್ತೆ ರೊಟ್ಟಿ, ನೀರು. ಆಮೇಲೆ ಹೋರೇಬ್ ಬೆಟ್ಟದಲ್ಲಿ ಬಿರುಗಾಳಿ ಬೀಸಿತು, ದೇವರು ಅದರಲ್ಲಿರಲಿಲ್ಲ, ಭೂಕಂಪವಾಯಿತು, ಅದರಲ್ಲಿರಲಿಲ್ಲ, ಬೆಂಕಿ ಎದ್ದಿತು, ಅದರಲ್ಲಿಯೂ ಇರಲಿಲ್ಲ. ಕೊನೆಗೆ ಮೌನವೇ ಸದ್ದಾದಂಥ ಒಂದು ಸೂಕ್ಷ್ಮ ಧ್ವನಿ. ನಮ್ಮ ಪ್ರಸಂಗಗಳು ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತವೆ. ಗ್ರಂಥ ಮಾತ್ರ ಇಲ್ಲಿಗೆ ಮುಗಿಯುವುದಿಲ್ಲ. ಆ ಧ್ವನಿ ಎಲೀಯನಿಗೆ ಇಲ್ಲೇ ಇದ್ದು ಧ್ಯಾನ ಮಾಡು ಎನ್ನಲಿಲ್ಲ. ಇಲ್ಲೇನು ಮಾಡುತ್ತಿದ್ದೀ ಎಂದು ಕೇಳಿತು. ಬಂದ ದಾರಿಯಲ್ಲೇ ಹಿಂದಕ್ಕೆ ಕಳುಹಿಸಿತು. ಹಜಾಯೇಲನನ್ನೂ ಯೇಹುವನ್ನೂ ಅಭಿಷೇಕಿಸುವ ಕೆಲಸವನ್ನೂ ಎಲೀಷನನ್ನು ಶಿಷ್ಯನಾಗಿ ತೆಗೆದುಕೊಳ್ಳುವ ಕೆಲಸವನ್ನೂ ಒಪ್ಪಿಸಿತು. ಮೌನದಿಂದ ಮನುಷ್ಯ ಕೆಲಸಕ್ಕೆ ಮರಳಿದರೆ ಅದು ದೇವರ ಮೌನ. ಕೆಲಸದಿಂದ ತಪ್ಪಿಸಿಕೊಂಡರೆ ಅದು ಗುಹೆಯ ಕತ್ತಲೆ ಮಾತ್ರ. ಎರಡಕ್ಕೂ ಹೊರಗಿನಿಂದ ನೋಡಿದರೆ ವ್ಯತ್ಯಾಸ ಕಾಣಿಸುವುದಿಲ್ಲ.

ಅಭ್ಯಾಸದ ಮಾತಿಗೆ ಬರೋಣ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರಳುಗಾಡಿನ ಗುಡಿಸಿಲುಗಳಲ್ಲಿ ಒಬ್ಬೊಬ್ಬರಾಗಿ ಕುಳಿತ ಸನ್ಯಾಸಿಗಳು ಇದನ್ನು ಒಂದು ಶಾಸ್ತ್ರದಂತೆ ಪರೀಕ್ಷಿಸಿ ನೋಡಿದರು. 399ರಲ್ಲಿ ತೀರಿಕೊಂಡ ಎವಾಗ್ರಿಯಸ್ ಎಂಬವನು ಅವರ ಪೈಕಿ ಬಹಳ ಸೂಕ್ಷ್ಮದೃಷ್ಟಿಯವನು. ಮೌನಕ್ಕೆ ಕುಳಿತವನನ್ನು ಕಾಡುವ ಶತ್ರುಗಳಲ್ಲಿ ‘ಅಕೇದಿಯ’ ಎಂಬುದನ್ನು ಅವನು ನಡುಹಗಲಿನ ಭೂತ ಎಂದು ವರ್ಣಿಸಿದ್ದಾನೆ. ಅದು ಹಿಡಿದವನಿಗೆ ಹೊತ್ತು ಸರಿಯುವುದೇ ಇಲ್ಲ. ಹಗಲಿಗೆ ಐವತ್ತು ಗಂಟೆಗಳಿದ್ದಂತೆ ತೋರುತ್ತದೆ. ಮೇಲಿಂದ ಮೇಲೆ ಕಿಟಕಿಯ ಕಡೆ ನೋಡುತ್ತಾನೆ, ಯಾರಾದರೂ ಬಂದಾರೇ ಎಂದು ಹೊರಗೆ ಇಣುಕುತ್ತಾನೆ. ಇರುವ ಜಾಗ ಬೇಸರ, ಮಾಡುವ ಕೈಗೆಲಸ ಬೇಸರ. ಜೊತೆಯವರಲ್ಲಿ ಪ್ರೀತಿಯೇ ಉಳಿದಿಲ್ಲವೆಂಬ ಕೊರಗು. ಬೇರೆಲ್ಲಿಯೋ ಹೋದರೆ ದೇವರು ಸುಲಭವಾಗಿ ಸಿಕ್ಕುತ್ತಾನೆಂಬ ಆಸೆ. ಅವನ ಜಾಡಿನಲ್ಲೇ ಬರೆದ ಜಾನ್ ಕ್ಯಾಸಿಯನ್ ಇನ್ನೊಂದು ಮಾತು ಸೇರಿಸುತ್ತಾನೆ: ರೋಗಿಗಳನ್ನು ನೋಡಿ ಬರುವುದು, ದಿಕ್ಕಿಲ್ಲದವರನ್ನು ವಿಚಾರಿಸುವುದು ಮೊದಲಾದ ಪುಣ್ಯಕಾರ್ಯಗಳು ಸರಿಯಾಗಿ ಆ ಹೊತ್ತಿಗೇ ನೆನಪಿಗೆ ಬರುತ್ತವೆಯಂತೆ. ಹದಿನಾರು ಶತಮಾನಗಳಾದವು. ಕಿಟಕಿಯ ಬದಲು ನಮ್ಮ ಕೈಯಲ್ಲಿ ಮೊಬೈಲು ಬಂದಿದೆ, ಭೂತ ಅದೇ.

ಇದಕ್ಕೆ ಆ ಮುನಿಗಳು ಕಂಡುಕೊಂಡ ಮದ್ದು ಬಹಳ ಸಾದಾ ಮದ್ದು: ಎದ್ದು ಹೋಗಬೇಡ. ಆರನೆಯ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟನು ತನ್ನ ಮಠದ ನಿಯಮಗಳನ್ನು ಬರೆದಾಗ, ಸೇರಿದ ಮಠದಲ್ಲೇ ಕೊನೆಯವರೆಗೆ ನೆಲೆ ನಿಲ್ಲುವುದನ್ನು ಒಂದು ಪ್ರತಿಜ್ಞೆಯನ್ನಾಗಿಯೇ ಮಾಡಿದನು. ಹದಿನಾರನೆಯ ಶತಮಾನದ ಇಗ್ನೇಷಿಯಸ್ ಲೊಯೋಲನ ಸಲಹೆ ಇನ್ನೂ ಚಮತ್ಕಾರದ್ದು. ಪ್ರಾರ್ಥನೆ ರುಚಿಸದ ದಿನ ಗೊತ್ತುಮಾಡಿಕೊಂಡ ಹೊತ್ತನ್ನು ಕಡಿಮೆ ಮಾಡಬೇಡ, ಅದಕ್ಕಿಂತ ತುಸು ಹೆಚ್ಚೇ ಕುಳಿತುಕೋ. ಮನಸ್ಸು ಒಣಗಿರುವಾಗ ಹಿಂದೆ ಮಾಡಿದ ನಿಶ್ಚಯವನ್ನು ಬದಲಾಯಿಸಬೇಡ.

ಇಂಥ ಮಾತುಗಳನ್ನು ಕೇಳಿ, ಇವರೆಲ್ಲ ನಮಗಿಂತ ಬೇರೆ ಮಣ್ಣಿನವರು ಎಂದು ಓದುಗರು ಕೈಬಿಡಬೇಕಾಗಿಲ್ಲ. ಸ್ಪೇನಿನ ಆವಿಲಾದ ತೆರೇಸಾ 1535ರಲ್ಲಿ ಕಾರ್ಮೆಲ್ ಮಠವನ್ನು ಸೇರಿದಳು. ಪ್ರಾರ್ಥನೆಯ ವಿಷಯದಲ್ಲಿ ಅವಳಷ್ಟು ಅಧಿಕಾರದಿಂದ ಮಾತಾಡಿದವರು ವಿರಳ. 1970ರಲ್ಲಿ ಕೆಥೋಲಿಕ ಸಭೆ ಅವಳಿಗೆ ಧರ್ಮಾಚಾರ್ಯರ ಪದವಿಯನ್ನು ಕೊಟ್ಟಿತು. ಆಕೆ ತನ್ನ ಜೀವನಕಥೆಯಲ್ಲಿ, ತಾನು ವರ್ಷಗಟ್ಟಲೆ ಪ್ರಾರ್ಥನೆಗೆ ಕುಳಿತಾಗ ದೇವರಿಗಿಂತ ಗಡಿಯಾರದ ಕಡೆಗೇ ಕಿವಿಗೊಟ್ಟಿದ್ದೆ, ಗಂಟೆ ಯಾವಾಗ ಬಾರಿಸೀತೋ ಎಂದು ಹಂಬಲಿಸುತ್ತಿದ್ದೆ ಎಂದು ಸಂಕೋಚವಿಲ್ಲದೆ ಹೇಳಿಕೊಂಡಿದ್ದಾಳೆ. ಆದರೂ ಕುಳಿತಳು. ಅವಳು ಸುಧಾರಿಸಿದ ಪಂಥದ ಸೋದರಿಯರು 1870ರಲ್ಲಿ ಫ್ರಾನ್ಸಿನ ಪೋ ಎಂಬ ಊರಿನಿಂದ ಹೊರಟು ನಮ್ಮ ಮಂಗಳೂರಿಗೆ ಬಂದು ಮಠ ಕಟ್ಟಿದರು. ಕೆಲವರು ದಾರಿಯಲ್ಲೇ ತೀರಿಕೊಂಡರು. ಗಡಿಯಾರ ನೋಡುತ್ತ ಕುಳಿತ ಒಬ್ಬಳ ಹಟ ಮೂರು ಶತಮಾನಗಳ ಮೇಲೆ ಸಮುದ್ರ ದಾಟಿ ನಮ್ಮ ಕರಾವಳಿಗೆ ಬಂತು.

ನಾನೂ ಬೆಳಗ್ಗೆ ಕಾಲೇಜಿಗೆ ಹೊರಡುವ ಮುನ್ನ ಅರ್ಧ ಗಂಟೆ ಹೀಗೆ ಕೂರುವ ರೂಢಿಯನ್ನು ಕೆಲವು ವರ್ಷಗಳಿಂದ ಇಟ್ಟುಕೊಂಡಿದ್ದೇನೆ. ಏನಾಗುತ್ತದೆ ಎಂದು ಕೇಳಿದರೆ, ಬಹುತೇಕ ದಿನ ಏನೂ ಆಗುವುದಿಲ್ಲ. ಹಾಲಿನವನ ಸೈಕಲ್ಲಿನ ಗಂಟೆ ಕೇಳುತ್ತದೆ, ಪಕ್ಕದ ಮನೆಯ ಕುಕ್ಕರಿನ ಸೀಟಿ ಕೇಳುತ್ತದೆ, ತಿದ್ದದೆ ಉಳಿದಿರುವ ಉತ್ತರಪತ್ರಿಕೆಗಳ ಕಟ್ಟು ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಒಂದು ಲಾಭವನ್ನು ಮಾತ್ರ ಹೇಳಬಲ್ಲೆ. ಹೀಗೆ ಕುಳಿತಾಗ ನನ್ನ ಪ್ರಾರ್ಥನೆಗಳಲ್ಲಿ ಎಷ್ಟು ಪಾಲು ಅಪ್ಪಣೆಗಳಿದ್ದವೆಂಬುದು ನನಗೆ ತಿಳಿಯುತ್ತ ಬಂತು. ಇದನ್ನು ಕೊಡು, ಅದನ್ನು ತಪ್ಪಿಸು, ಬೇಗ ಮಾಡು: ಜವಾನನಿಗೆ ಹೇಳುವ ಮಾತುಗಳಿಗೂ ಇವಕ್ಕೂ ಹೆಚ್ಚಿನ ಅಂತರವಿಲ್ಲ. ಮಾತು ನಿಂತಾಗ ಅಪ್ಪಣೆ ನಿಲ್ಲುತ್ತದೆ. ಅಪ್ಪಣೆ ನಿಂತ ಮೇಲೂ ಎದ್ದು ಹೋಗದೆ ಉಳಿದರೆ, ಏನನ್ನೂ ಕೊಡದ ದೇವರ ಹತ್ತಿರವೂ ನಾನು ಕುಳಿತಿರಬಲ್ಲೆನೇ ಎಂಬ ಪರೀಕ್ಷೆ ಅಲ್ಲಿಂದ ಶುರುವಾಗುತ್ತದೆ. ವಿಶ್ವಾಸ ಆಳವಾಗುವುದೆಂದರೆ ಇದೇ ಇರಬೇಕು. ಬಾವಿಯ ಆಳ ಗೊತ್ತಾಗುವುದು ನೀರು ಇಳಿದಾಗಲೇ ಅಲ್ಲವೇ?

ಇಷ್ಟು ಹೊತ್ತು ತನಗೆ ತಾನೇ ವಿಧಿಸಿಕೊಂಡ ತಾಳ್ಮೆಯ ಮಾತಾಯಿತು. ಇನ್ನೊಬ್ಬರ ಮೇಲೆ ಹೇರುವ ತಾಳ್ಮೆಯ ಪ್ರಶ್ನೆ ಹಾಗೆಯೇ ಉಳಿದಿದೆ. 1963ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಕರಿಯ ಜನರು ವರ್ಣಭೇದದ ವಿರುದ್ಧ ಸತ್ಯಾಗ್ರಹ ಹೂಡಿದಾಗ, ಅಲ್ಲಿಯ ಎಂಟು ಮಂದಿ ಬಿಳಿಯ ಧರ್ಮಗುರುಗಳು ಒಂದು ಹೇಳಿಕೆ ಕೊಟ್ಟು, ಇದು ತಕ್ಕ ಸಮಯವಲ್ಲ ಎಂದರು. ಸೆರೆಮನೆಯಲ್ಲಿದ್ದ ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಬರೆದ ದೀರ್ಘ ಪತ್ರ ಇಂದು ಜಗತ್ಪ್ರಸಿದ್ಧ. ಹೊಟ್ಟೆ ತುಂಬಿದವನು ಹಸಿದವನಿಗೆ ಹೇಳುವ ‘ಸ್ವಲ್ಪ ತಾಳು’ ಎಂಬ ಮಾತಿಗೆ ‘ಎಂದಿಗೂ ಇಲ್ಲ’ ಎಂಬುದೇ ಅರ್ಥ ಎಂಬುದು ಅವರ ವಾದದ ತಿರುಳು. ಮರುವರ್ಷ ಅವರು ಪ್ರಕಟಿಸಿದ ಪುಸ್ತಕದ ಹೆಸರೇ ತಾವೇಕೆ ಕಾಯಲಾರೆವೆಂದು ಹೇಳುವಂಥದು. ಆದರೆ ಅದೇ ಕಿಂಗ್ ತಮ್ಮ ಸಂಗಡಿಗರನ್ನು ಬೀದಿಗಿಳಿಸುವ ಮುಂಚೆ, ಹೊಡೆತ ಬಿದ್ದರೂ ತಿರುಗಿ ಹೊಡೆಯದೆ ನಿಲ್ಲಬಲ್ಲಿರಾ, ಜೈಲುವಾಸವನ್ನು ಸಹಿಸಬಲ್ಲಿರಾ ಎಂದು ಮತ್ತೆ ಮತ್ತೆ ಕೇಳಿ ತರಬೇತು ಕೊಡುತ್ತಿದ್ದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಕಾಯುವುದು ಎಂಬರ್ಥದ ತಾಳುವಿಕೆಯನ್ನು ಅವರು ನಿರಾಕರಿಸಿದರು. ಹೊರುವುದು ಎಂಬರ್ಥದ ತಾಳುವಿಕೆಯನ್ನು ತಾವೇ ವಹಿಸಿಕೊಂಡರು. ಒಂದೇ ಕ್ರಿಯಾಪದದ ಎರಡು ಅರ್ಥಗಳ ನಡುವೆ ಇಷ್ಟು ಅಂತರ!

ಶಿಲುಬೆಯ ಸಂತ ಯೊವಾನ್ನನ ಜೀವನದಲ್ಲಿಯೂ ಇದೇ ಪಾಠವಿದೆ. 1577ರ ಡಿಸೆಂಬರಿನಲ್ಲಿ ಅವನ ಸುಧಾರಣೆಗಳನ್ನು ಸಹಿಸದ ಅವನ ಪಂಥದ ಸನ್ಯಾಸಿಗಳೇ ಅವನನ್ನು ಹಿಡಿದು ಟೊಲೇಡೊ ನಗರದ ಮಠದ ಇಕ್ಕಟ್ಟಾದ ಕತ್ತಲೆ ಕೋಣೆಯಲ್ಲಿ ಕೂಡಿಹಾಕಿದರು. ಸುಮಾರು ಒಂಬತ್ತು ತಿಂಗಳು ಅವನು ಅಲ್ಲಿದ್ದನು. ಸ್ಪ್ಯಾನಿಷ್ ಸಾಹಿತ್ಯ ಹೆಮ್ಮೆಪಡುವ ಪದ್ಯಗಳನ್ನು ಆ ಕತ್ತಲೆಯಲ್ಲಿಯೇ ರಚಿಸಿದನು. ದೇವರ ರಾತ್ರಿಯನ್ನು ಕುರಿತು ಅವನಷ್ಟು ಬಲ್ಲವರಿಲ್ಲ. ಆದರೆ 1578ರ ಆಗಸ್ಟಿನ ಒಂದು ರಾತ್ರಿ ಅವನು ಹೊದಿಕೆಗಳನ್ನು ಸೀಳಿ ಹಗ್ಗ ಮಾಡಿ ಗೋಡೆಯಿಂದ ಇಳಿದು ತಪ್ಪಿಸಿಕೊಂಡನು. ದೇವರು ಕೊಟ್ಟ ಕತ್ತಲೆಯನ್ನು ತಾಳಿದವನು, ಮನುಷ್ಯರು ಹಾಕಿದ ಬೀಗಕ್ಕೆ ಕೊನೆಯವರೆಗೂ ತಲೆಬಾಗಬೇಕೆಂದೇನೂ ತಿಳಿಯಲಿಲ್ಲ.

ಆದರೂ ಮೌನದಿಂದ ನ್ಯಾಯ ಹುಟ್ಟಬಲ್ಲುದೇ ಎಂದು ಸಂದೇಹಪಡುವವರಿಗೆ ಜಾನ್ ವುಲ್ಮನ್ ಎಂಬ ಕ್ವೇಕರ್ ಪಂಥದವನ ಕಥೆಯನ್ನು ಹೇಳಬೇಕು. ಕ್ವೇಕರರ ಹಳೆಯ ಪದ್ಧತಿಯ ಪ್ರಾರ್ಥನಾಸಭೆಯಲ್ಲಿ ಪುರೋಹಿತನಿಲ್ಲ, ಗೀತವಿಲ್ಲ, ಸಿದ್ಧಪಡಿಸಿದ ಪ್ರಸಂಗವಿಲ್ಲ. ಯಾರ ಒಳಗಾದರೂ ಪ್ರೇರಣೆ ಏಳುವ ತನಕ ಎಲ್ಲರೂ ಸುಮ್ಮನೆ ಕುಳಿತಿರುತ್ತಾರೆ. 1720ರಲ್ಲಿ ನ್ಯೂಜೆರ್ಸಿಯಲ್ಲಿ ಹುಟ್ಟಿದ ವುಲ್ಮನ್ ತಾರುಣ್ಯದಲ್ಲಿ ಒಂದು ಅಂಗಡಿಯಲ್ಲಿ ಗುಮಾಸ್ತನಾಗಿದ್ದಾಗ, ಒಬ್ಬ ಗುಲಾಮ ಹೆಂಗಸಿನ ಮಾರಾಟದ ಪತ್ರವನ್ನು ಬರೆಯುವಂತೆ ಯಜಮಾನ ಹೇಳಿದನು. ಬರೆದುಕೊಟ್ಟನು, ಆದರೆ ಮನಸ್ಸಿನಲ್ಲಿ ಮುಳ್ಳು ನೆಟ್ಟಿತು. ಗದ್ದಲದಲ್ಲಿ ಬದುಕುವವನಾಗಿದ್ದರೆ ಆ ಮುಳ್ಳಿನ ನೋವು ಎರಡು ದಿನದಲ್ಲಿ ಮರೆಯುತ್ತಿತ್ತು. ಮೌನದಲ್ಲಿ ಕೂರುವ ಅಭ್ಯಾಸವಿದ್ದವನಿಗೆ ಅದು ಮರೆಯಲಿಲ್ಲ. ಮುಂದೆ ಇಂಥ ಪತ್ರ ಬರೆಯಲು ಅವನು ಒಪ್ಪಲಿಲ್ಲ. ಗುಲಾಮರನ್ನು ಇಟ್ಟುಕೊಂಡಿದ್ದ ಕ್ವೇಕರರ ಮನೆಗಳಿಗೆ ಹೋಗಿ ಒಬ್ಬೊಬ್ಬರೊಡನೆಯೂ ಮೆಲುದನಿಯಲ್ಲಿ ಮಾತಾಡಿದನು. ಅಲ್ಲಿ ತನಗೆ ಸೇವೆ ಮಾಡಿದ ಗುಲಾಮರಿಗೆ ಕೂಲಿಯೆಂದು ಹಣ ಕೊಟ್ಟು ಹೊರಟನು. 1758ರಲ್ಲಿ ಫಿಲಡೆಲ್ಫಿಯದ ವಾರ್ಷಿಕ ಸಭೆ ಗುಲಾಮರ ಕ್ರಯವಿಕ್ರಯದ ವಿರುದ್ಧ ನಿರ್ಣಯ ಮಾಡಿತು. ವುಲ್ಮನ್ 1772ರಲ್ಲಿ ಇಂಗ್ಲೆಂಡಿನಲ್ಲಿ ಸಿಡುಬಿನಿಂದ ಸತ್ತನು. 1776ರಲ್ಲಿ ಆ ಸಭೆ ತನ್ನ ಸದಸ್ಯರು ಗುಲಾಮರನ್ನು ಇಟ್ಟುಕೊಳ್ಳುವುದನ್ನೇ ನಿಷೇಧಿಸಿತು.

ಇದು ತಾಳ್ಮೆಯ ಗೆಲುವೆಂದು ಹೇಳಿ ಮುಗಿಸಿದರೆ ಚೆನ್ನಾಗಿತ್ತು. ಆದರೆ ಲೆಕ್ಕದ ಇನ್ನೊಂದು ಪುಟವನ್ನೂ ನೋಡಬೇಕು. 1758ರಿಂದ 1776ರವರೆಗೆ ಹದಿನೆಂಟು ವರ್ಷ. ಒಳಗಿನ ಪ್ರೇರಣೆಗಾಗಿ ಬೆಂಚುಗಳ ಮೇಲೆ ಕುಳಿತು ಕಾದವರು ಕ್ವೇಕರರು. ಅವರು ಕಾದಷ್ಟು ಕಾಲವೂ ಹೊಲದಲ್ಲಿ ದುಡಿದವರು ಬೇರೆಯವರು. ನಮ್ಮ ತಾಳ್ಮೆಯ ಬೆಲೆಯನ್ನು ಕೆಲವೊಮ್ಮೆ ಬೇರೆಯವರು ತೆರುತ್ತಾರೆ. ವುಲ್ಮನ್ನನಿಗೆ ಇದು ಗೊತ್ತಿತ್ತೆಂದೇ ನನ್ನ ಎಣಿಕೆ. ಹಾಗಲ್ಲದಿದ್ದರೆ ಹೊರಡುವಾಗ ಆ ಕೂಲಿಯ ಹಣವನ್ನು ಕೊಡುತ್ತಿರಲಿಲ್ಲ. ಆದುದರಿಂದ ಪ್ರಾರ್ಥನೆಯ ಕೋಣೆಯಿಂದ ಹೊರಗೆ ಬಂದವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ನಾನು ಸುಮ್ಮನಿದ್ದಾಗ ನನ್ನ ಪಾಲಿನ ಭಾರವನ್ನು ಹೊತ್ತು ನಿಂತವರು ಯಾರು?

ನನ್ನ ತಾಯಿಗೆ ಪಾರ್ಶ್ವವಾಯು ಬಡಿದು ಮಾತು ನಿಂತುಹೋಯಿತು. ಆ ಮೇಲೆ ಎರಡೂವರೆ ವರ್ಷ ಹಾಸಿಗೆಯಲ್ಲಿದ್ದರು. ದಿನಕ್ಕೆರಡು ಸಲ ಕೀರ್ತನೆಗಳನ್ನು ಗಟ್ಟಿಯಾಗಿ ಓದುತ್ತಿದ್ದ ಬಾಯಿ ಅದು. ನೋಡಲು ಬಂದವರೆಲ್ಲ ಒಳ್ಳೆಯವರೇ. ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ, ‘ತಾಳ್ಮೆ ತಂದುಕೊಳ್ಳಿ ಮೇಷ್ಟ್ರೇ, ಎಲ್ಲಾ ದೇವರ ಚಿತ್ತ’ ಎಂದು ಹೇಳಿ ಹೋಗುತ್ತಿದ್ದರು. ಅವರು ಹೇಳಿದ್ದು ಸುಳ್ಳೆಂದು ನಾನು ವಾದಿಸಲಾರೆ. ಆದರೆ ಆ ಮಾತು ಹೋಗುವವರ ಬಾಯಿಂದ ಬರುತ್ತಿತ್ತು. ನೆರೆಮನೆಯ ಒಬ್ಬ ಅಜ್ಜಿ ಮಾತ್ರ ಸಂಜೆ ಸಂಜೆ ಬಂದು, ‘ಅಕ್ಕಾ’ ಎಂದು ಒಂದು ಸಲ ಕರೆದು, ಮಂಚದ ಪಕ್ಕದಲ್ಲಿ ನೆಲದ ಮೇಲೆ ಕುಳಿತುಕೊಳ್ಳುತ್ತಿದ್ದರು. ಅವರೆಕಾಯಿಯ ಕಾಲದಲ್ಲಿ ಅವರೆಕಾಯಿ ಸುಲಿಯುವರು, ಇಲ್ಲದಿದ್ದರೆ ಅಕ್ಕಿ ಆರಿಸುವರು. ಅವರು ನಮ್ಮ ಚರ್ಚಿನವರಲ್ಲ, ನಮ್ಮ ಮತದವರೂ ಅಲ್ಲ. ಉಪದೇಶದ ಒಂದು ಮಾತನ್ನೂ ಅವರಿಂದ ನಾನು ಕೇಳಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಎದ್ದು, ತಾಯಿಯ ಕೈಯನ್ನೊಮ್ಮೆ ಮುಟ್ಟಿ ಹೋಗುವರು. ತಾಯಿಯ ಕಣ್ಣು ಸಂಜೆಯಾಗುತ್ತಲೇ ಬಾಗಿಲ ಕಡೆಗೆ ತಿರುಗುತ್ತಿದ್ದುದನ್ನು ನಾನು ಬಹಳ ದಿನ ನೋಡಿದ್ದೇನೆ.

ಆಗ ನನಗೆ ಯೋಬನ ಗ್ರಂಥದ ಒಂದು ಸಂಗತಿ ಹೊಸದಾಗಿ ಕಾಣಿಸಿತು. ಯೋಬನ ಮೂವರು ಸ್ನೇಹಿತರನ್ನು ನಾವು ಯಾವಾಗಲೂ ಹಳಿಯುತ್ತೇವೆ. ಆದರೆ ಅವರು ಬಂದ ಕೂಡಲೇ ಮಾತಾಡಲಿಲ್ಲ. ಅವನ ಸಂಕಟವನ್ನು ನೋಡಿ, ಏಳು ಹಗಲು ಏಳು ರಾತ್ರಿ ಅವನೊಡನೆ ನೆಲದ ಮೇಲೆ ಸುಮ್ಮನೆ ಕುಳಿತರು. ಇಡೀ ಗ್ರಂಥದಲ್ಲಿ ಅವರು ಮಾಡಿದ ಅತ್ಯುತ್ತಮ ಕೆಲಸ ಅದೊಂದೇ. ಎಂಟನೆಯ ದಿನವೂ ಹಾಗೆಯೇ ಕುಳಿತಿದ್ದರೆ ದೇವರ ಕೋಪಕ್ಕೆ ಗುರಿಯಾಗುತ್ತಿರಲಿಲ್ಲ. ತಾಳ್ಮೆಯನ್ನು ಬಾಯಿಂದ ಹೇಳಲು ಸಾಧ್ಯವಿಲ್ಲ; ಪಕ್ಕದಲ್ಲಿ ಕುಳಿತು ಪಾಲು ಕೊಡಲು ಸಾಧ್ಯ. ಇನ್ನೊಬ್ಬನಿಗೆ ತಾಳ್ಮೆ ಇರಲಿ ಎನ್ನುವ ಹಕ್ಕು ಯಾರಿಗಾದರೂ ಇದ್ದರೆ ಅದು ನೆಲದ ಮೇಲೆ ಕುಳಿತವನಿಗೆ. ಕುಳಿತವನಿಗೆ ಆ ಮಾತನ್ನು ಹೇಳುವ ಅಗತ್ಯ ಬೀಳುವುದಿಲ್ಲ.

ಒಂಟಿಯಾಗಿ ಮೌನದಲ್ಲಿ ಕೂರುವ ಅಭ್ಯಾಸಕ್ಕೆ ಏನು ಪ್ರಯೋಜನ ಎಂಬುದಕ್ಕೂ ನನಗೆ ಇಲ್ಲಿಯೇ ಉತ್ತರ ಸಿಕ್ಕಿತು. ತನ್ನ ಜೊತೆ ತಾನು ಅರ್ಧ ಗಂಟೆ ಸುಮ್ಮನೆ ಕೂರಲಾರದವನು ರೋಗಿಯ ಜೊತೆ ಹತ್ತು ನಿಮಿಷ ಕೂರಲಾರ. ಏನಾದರೂ ಹೇಳಬೇಕು, ಏನಾದರೂ ಮಾಡಬೇಕು, ಇಲ್ಲವೇ ಹೊರಡಬೇಕು ಎಂದು ಅವನ ಕಾಲು ತುಡಿಯುತ್ತದೆ. ಬೆಳಗಿನ ಮೌನ ಸಂಜೆಯ ಸೇವೆಗೆ ಮಾಡುವ ಸಾಧಕ. ಗೆತ್ಸೇಮನೆ ತೋಟದಲ್ಲಿ ಯೇಸು ಶಿಷ್ಯರಿಂದ ಬೇಡಿದ್ದೂ ಇಷ್ಟೇ: ತನ್ನೊಡನೆ ಒಂದು ಗಳಿಗೆ ಎಚ್ಚರವಾಗಿರಬೇಕೆಂದು. ಅವರು ಅಲುಗಾಡದೆ ಇದ್ದರು, ನಿಜ. ಆದರೆ ನಿದ್ದೆ ಹೋಗಿದ್ದರು. ನಿಶ್ಚಲತೆಗೂ ನಿದ್ರೆಗೂ ಇರುವ ಭೇದ ಇದೇ. ಒಂದರಲ್ಲಿ ಪಕ್ಕದವನ ನರಳಾಟ ಕೇಳುತ್ತದೆ, ಇನ್ನೊಂದರಲ್ಲಿ ಕೇಳುವುದಿಲ್ಲ.

ಫಲ ಕಾಣದ ಕೆಲಸಕ್ಕೂ ಇದೇ ಬಗೆಯ ತಾಳ್ಮೆ ಬೇಕು. ನನ್ನ ಮೇಜಿನ ಮೇಲಿರುವ ಕಿಟ್ಟೆಲ್ ಕೋಶ ಇದಕ್ಕೆ ಸಾಕ್ಷಿ. ಫರ್ಡಿನಂಡ್ ಕಿಟ್ಟೆಲರು ಬಾಸೆಲ್ ಮಿಷನ್ನಿನ ಬೋಧಕರಾಗಿ ನಮ್ಮ ನಾಡಿಗೆ ಬಂದದ್ದು 1853ರಲ್ಲಿ. ಸುಮಾರು 70,000 ಶಬ್ದಗಳ ಅವರ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ. ನಡುವೆ 41 ವರ್ಷ. ಒಂದೊಂದು ಮಾತನ್ನೂ ಹುಡುಕಿ, ಒರೆಗೆ ಹಚ್ಚಿ, ಅದರ ಜಾಗದಲ್ಲಿ ಕೂರಿಸಿದರು. ಮತಪ್ರಸಾರಕ್ಕೆಂದು ಬಂದವರ ಕೈಯಿಂದ ಮತಭೇದವಿಲ್ಲದೆ ಕನ್ನಡಿಗರೆಲ್ಲರ ಮನೆ ಸೇರಿದ್ದು ಆ ಕೋಶ. ಮಾರ್ಕನ ಸುವಾರ್ತೆಯಲ್ಲಿ ಯೇಸು ಹೇಳಿದ ಚಿಕ್ಕ ಸಾಮ್ಯವೊಂದಿದೆ. ಬಿತ್ತಿದವನು ರಾತ್ರಿ ಮಲಗಿ ಹಗಲು ಏಳುತ್ತಾನೆ. ಬೀಜ ಮೊಳೆತು ಬೆಳೆಯುತ್ತದೆ. ಹೇಗೆಂಬುದು ಅವನಿಗೆ ತಿಳಿಯದು. ತಿಳಿಯದಿದ್ದರೂ ಅವನು ಬೀಜವನ್ನು ಅಗೆದು ನೋಡುವುದಿಲ್ಲ.

ಶುಕ್ರವಾರಕ್ಕೂ ಭಾನುವಾರಕ್ಕೂ ನಡುವೆ ಒಂದು ಶನಿವಾರವಿದೆ. ಸುವಾರ್ತೆಗಳು ಆ ದಿನದ ಬಗ್ಗೆ ಬಹಳ ಕಡಿಮೆ ಹೇಳುತ್ತವೆ. ಲೂಕನು ಬರೆಯುವಂತೆ, ಗಲಿಲಾಯದಿಂದ ಬಂದಿದ್ದ ಹೆಂಗಸರು ಸಮಾಧಿಯನ್ನು ನೋಡಿಕೊಂಡು ಹೋಗಿ, ಸುಗಂಧದ್ರವ್ಯಗಳನ್ನು ಸಿದ್ಧಮಾಡಿ, ಸಬ್ಬತ್ ದಿನವಾದುದರಿಂದ ವಿಧಿಯಂತೆ ಸುಮ್ಮನಿದ್ದರು. ಅವರಿಗೆ ಪುನರುತ್ಥಾನದ ನಿರೀಕ್ಷೆಯಿದ್ದಂತೆ ಕಾಣುವುದಿಲ್ಲ; ಇದ್ದಿದ್ದರೆ ಹೆಣಕ್ಕೆ ಪೂಸುವ ಸುಗಂಧವನ್ನು ಏಕೆ ಅರೆಯುತ್ತಿದ್ದರು? ಅವರ ಪಾಲಿಗೆ ಎಲ್ಲವೂ ಮುಗಿದಿತ್ತು, ಮಾಡಬೇಕಾದ ಒಂದು ಸೇವೆ ಮಾತ್ರ ಉಳಿದಿತ್ತು. ಅದನ್ನು ಒಳಗೆ ಹೊತ್ತುಕೊಂಡು ಒಂದು ಇಡೀ ಹಗಲು, ಒಂದು ಇಡೀ ರಾತ್ರಿ ಕುಳಿತರು. ಮರುದಿನ ಇನ್ನೂ ಬೆಳಕು ಹರಿಯುವಷ್ಟರಲ್ಲಿ ಎದ್ದು ಹೊರಟರು. ಸಮಾಧಿಯ ಬಾಯಿಗೆ ದೊಡ್ಡ ಕಲ್ಲನ್ನು ಮುಚ್ಚಿತ್ತು; ಅದನ್ನು ಉರುಳಿಸಿಕೊಡುವವರು ಯಾರು ಎಂದು ದಾರಿಯಲ್ಲಿ ತಮ್ಮತಮ್ಮೊಳಗೆ ಕೇಳಿಕೊಳ್ಳುತ್ತಿದ್ದರೆಂದು ಮಾರ್ಕನು ಹೇಳುತ್ತಾನೆ. ಉತ್ತರ ಯಾರಿಗೂ ಗೊತ್ತಿರಲಿಲ್ಲ. ಆದರೂ ನಡೆಯುತ್ತಿದ್ದರು.